ತೊಡೆಯ ಮೇಲಿಟ್ಟ ಕೈ

ತೂರ್,
ಭಾನುವಾರ, ೧೨ ಫೆಬ್ರವರಿ ೧೯೮೪

ಅಮ್ಮ,

ಹೊಸ ವರ್ಷದ ಕಾರ್ಡು ಬಿಟ್ಟರೆ ನಿನಗೆ ನಾನು ಕಾಗದ ಬರೆದು ಹನ್ನೊಂದು ವರ್ಷವಾಯಿತು. ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಯಾರೋ ಹೋಗಿಬಿಟ್ಟರು ಅಂದುಕೊಂಡಿರುತ್ತೀಯ. ಯಾರೂ ಹೋಗಿಲ್ಲ. ನಿನ್ನ ಕೈಯಿಂದ ನನಗೊಂದು ಕೆಲಸವಾಗಬೇಕು. ಹೇಗೆ ಕೇಳುವುದೆಂದು ತಿಳಿಯದೆ ಬೆಳಗಿನಿಂದ ನಾಲ್ಕು ಹಾಳೆ ಹರಿದು ಹಾಕಿದ್ದೇನೆ.

ನಾನು ದಪ್ಪಗಾಗಿದ್ದೇನೆ. ಮುಖ, ತೋಳು, ಸೊಂಟ ನೀನು ಕೊನೆಯ ಸಲ ನೋಡಿದಾಗ ಹೇಗಿತ್ತೋ ಹಾಗೇ ಇದೆ. ತೊಡೆ ಮಾತ್ರ ನನ್ನ ಮಾತು ಕೇಳುತ್ತಿಲ್ಲ. ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿ ಬಿದ್ದಿದೆ. ಇಲ್ಲಿನ ಹೆಂಗಸರ ಪತ್ರಿಕೆಗಳು ಅದಕ್ಕೆ ಸೆಲ್ಯುಲೈಟ್ ಎಂದು ಹೆಸರಿಟ್ಟು, ಚಳಿ ಮುಗಿಯುವ ಮೊದಲೇ ಅದರ ಮೇಲೆ ಯುದ್ಧ ಸಾರುತ್ತವೆ. ನನ್ನ ಕೆಲಸವಾದರೂ ಎಂಥದು ನೋಡು, ಈಜುಡುಗೆ ಮಾರುವುದು. ಅಂಗಡಿಯ ಒಡತಿ ಮೇಡಂ ಬ್ರೊಸಾರ್ ಮೊನ್ನೆ ಹೊಸ ಮಾಲು ಬಿಚ್ಚುತ್ತಾ, "ಜೋಸಿಯಾನ್, ಈ ಸಲ ನೀನು ಗಲ್ಲಾ ಹಿಂದೇನೇ ಇದ್ಬಿಡು. ಗಿರಾಕಿಗಳು ನಿನ್ನ ತೊಡೆ ನೋಡಿ, ನಮ್ಮ ಬಟ್ಟೆ ಹಾಕ್ಕೊಂಡ್ರೆ ಹಿಂಗಾಗತ್ತೆ ಅಂದ್ಕೊಂಡಾರು" ಅಂದಳು. ನಗುತ್ತಲೇ ಅಂದಳು. ನಾನೂ ನಕ್ಕೆ. ಆಮೇಲೆ ಬಟ್ಟೆ ಹಾಕಿ ನೋಡುವ ಕೋಣೆಗೆ ಹೋಗಿ ಪರದೆ ಎಳೆದುಕೊಂಡು ಅತ್ತೆ.

ಮಾಡದ ಉಪಾಯವಿಲ್ಲ. ಕುದುರೆ ಕೂದಲಿನ ಕೈಗವಸಿನಲ್ಲಿ ರಕ್ತ ಬರುವ ಹಾಗೆ ಉಜ್ಜಿದೆ. ಬಳ್ಳಿಯ ಸಾರದ ಕ್ರೀಮು ಹಚ್ಚಿದೆ, ಕಡಲಪಾಚಿ ಸುತ್ತಿಕೊಂಡು ಮಲಗಿದೆ. ಒಬ್ಬಳು ಚರ್ಮವನ್ನು ಚಿವುಟಿ ಚಿವುಟಿ ಉರುಳಿಸಿ ತಿಕ್ಕುತ್ತಾಳೆ, ಅವಳ ಹತ್ತಿರ ಚಳಿಗಾಲವಿಡೀ ಹೋದೆ. ಬಲಗಾಲು ಒಂದಿಷ್ಟು ಇಳಿಯಿತು. ಎಡಗಾಲು ಜಪ್ಪಯ್ಯ ಅಂದರೂ ಇಳಿಯಲಿಲ್ಲ. "ನಿಮ್ಮ ಎಡಗಾಲು ಭಾರಿ ಹಟಮಾರಿ ಕಣ್ರೀ" ಅಂದಳು ಅವಳು.

ಡಾಕ್ಟರಿಗೆ ತೋರಿಸಲು ನಾಚಿಕೆ. ತೊಡೆ ದಪ್ಪಗಿದೆ ಎಂದು ಹೋದರೆ ಬೆಣ್ಣೆ ಕಡಿಮೆ ತಿನ್ನಿ ಅನ್ನುತ್ತಾರೆ, ಅಷ್ಟೇ.

ಸರ್ಟಿಫಿಕೇಟಿಲ್ಲದೆ ವೈದ್ಯ ಮಾಡುತ್ತೀಯೆಂದು ಡಾಕ್ಟರ್ ವಾಲೆನ್ ನಿನ್ನ ಮೇಲೆ ಕೇಸು ಹಾಕಿದಾಗ ನಾನು ಕೋರ್ಟಿನಲ್ಲಿ ಅಂದ ಮಾತು ನೀನು ಮರೆತಿಲ್ಲವೆಂದು ಗೊತ್ತು. ನ್ಯಾಯಾಧೀಶರು "ನಿಮ್ಮ ತಾಯಿ ಕೈಯಿಟ್ಟರೆ ಕಾಯಿಲೆ ಹೋಗತ್ತೆ ಅಂತ ನೀವು ನಂಬ್ತೀರಾ?" ಎಂದು ಕೇಳಿದರು. ನಾನು "ಕೈ ಬೆಚ್ಚಗಿರತ್ತೆ, ಅಷ್ಟೇ" ಅಂದೆ. ಆಗ ನನಗೆ ಇಪ್ಪತ್ತೆರಡು. ಅಂದದ್ದು ಅಂದಾಯಿತು. ಈಗ ಕೇಳುತ್ತಿದ್ದೇನೆ: ನಿನ್ನ ಕೈ ಕೊಬ್ಬು ಕರಗಿಸುತ್ತದೆಯೇ?

ನಿನ್ನ ಮಗಳು,
ಜೋಸಿಯಾನ್


ಲಾ ಬ್ರಾಂದ್,
ಸೋಮವಾರ, ೨೦ ಫೆಬ್ರವರಿ

ಜೋಸಿಯಾನ್,

ನಿನ್ನ ಕಾಗದ ಕೊಟ್ಟ ಅಂಚೆಯವನು ಬಾಗಿಲಲ್ಲೇ ನಿಂತುಕೊಂಡು "ಯಾರ್ದು ಆರ್ಮಾಂದಮ್ಮ?" ಅಂದ. "ಸರ್ಕಾರದ್ದು" ಅಂದೆ. ಅವನಿಗೆ ಹೇಳಿದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಬಾಗಿಲು ಹಾಕಿಕೊಂಡು ಓದಿದೆ. ಓದಿ, ಕೋಳಿಗಳಿಗೆ ಕಾಳು ಹಾಕಿ ಬಂದು ಮತ್ತೆ ಓದಿದೆ.

ಕೋರ್ಟಿನ ಮಾತು ನೀನೇ ಎತ್ತಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನಾನು ಎತ್ತುತ್ತಿದ್ದೆ. ದಂಡ ಹಾಕಿದ್ದಕ್ಕೆ ನನಗೆ ಬೇಜಾರಿಲ್ಲ. ಆ ವಾಲೆನ್ ಡಾಕ್ಟರನ ಹೆಂಡತಿಗೇ ಸರ್ಪಸುತ್ತು ಆದಾಗ ಹಿತ್ತಲ ಬಾಗಿಲಿನಿಂದ ಬಂದು ನನ್ನ ಕೈಯಿಡಿಸಿಕೊಂಡು ಹೋಗಿದ್ದಳು, ಅದನ್ನೂ ನಾನು ಅಲ್ಲಿ ಬಾಯಿಬಿಡಲಿಲ್ಲ. ನೀನು ನನ್ನ ಮುಖ ನೋಡದೆ ಅಂದೆಯಲ್ಲ, ಅದು ಇವತ್ತಿಗೂ ನುಂಗಲಾರದ ತುತ್ತು. ಆಯಿತು, ಸಾಕು.

ಕೊಬ್ಬು ಕಾಯಿಲೆಯೇನೇ ಹುಡುಗಿ? ನಿನ್ನಜ್ಜಿಗೆ ಎಂಥ ತೊಡೆಗಳಿದ್ದವು! ಎರಡೂ ಕಂಕುಳಲ್ಲಿ ಒಂದೊಂದು ಆಡು ಎತ್ತಿಕೊಂಡು ದಿಣ್ಣೆ ಹತ್ತುತ್ತಿದ್ದಳು. ಅವಳ ಚರ್ಮ ಕಿತ್ತಳೆಯೋ ಕುಂಬಳವೋ ಎಂದು ಯಾರೂ ಬಗ್ಗಿ ನೋಡಲಿಲ್ಲ. ಈಗ ಹೆಂಗಸಾಗಿರುವುದನ್ನೇ ಒಂದು ರೋಗ ಮಾಡಿ, ಅದಕ್ಕೆ ಡಬ್ಬಿಯಲ್ಲಿ ಮದ್ದು ಮಾರುತ್ತಿದ್ದಾರೆ.

ಆದರೂ ನೀನು ಕೇಳಿದ್ದೀಯ. ಕೇಳಿದವರಿಗೆ ಇಲ್ಲವೆನ್ನುವ ಹಾಗಿಲ್ಲ. ನನಗೆ ಈ ಕೈಗುಣ ಒಪ್ಪಿಸಿಕೊಟ್ಟ ಲಿಯೊಂತಿನ್ ಅತ್ತೆ ಹಾಗೆ ಆಣೆ ಹಾಕಿಸಿಕೊಂಡಿದ್ದಾಳೆ. ತಲೆಯಿಂದ ಕಾಲಿನವರೆಗೆ ಕಾಣುವ ಒಂದು ಫೋಟೊ ಕಳಿಸು. ದಿನವೂ ಅದರ ಮೇಲೆ ಕೈಯಿಡುತ್ತೇನೆ, ದೂರದವರಿಗೆಲ್ಲ ಹಾಗೇ ಮಾಡುವುದು. ಕಟ್ಟುಪಾಡು ನಿನಗೆ ಗೊತ್ತೇ ಇದೆ, ಮನೆಯಲ್ಲೇ ಬೆಳೆದವಳು. ಗುಣವಾದರೆ ಉಪಕಾರದ ಮಾತು ಆಡಬಾರದು. ಮತ್ತು ನನ್ನ ಕೈಯಲ್ಲಿರುವಷ್ಟು ದಿನ ಬೇರೆ ಯಾರ ಕೈಯೂ ಆ ಕಾಲನ್ನು ಮುಟ್ಟಬಾರದು. ಚಿವುಟುವವಳದೂ ಬೇಡ, ಡಾಕ್ಟರದೂ ಬೇಡ. ಎರಡು ಕೈ ಬಿದ್ದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ.

ನಿನ್ನ ತಾಯಿ,
ಆರ್ಮಾಂದ್


ತೂರ್,
ಭಾನುವಾರ, ೪ ಮಾರ್ಚ್

ಅಮ್ಮ,

ಫೋಟೊ ಇಲ್ಲ. ಇರುವ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಸುರುವಿಕೊಂಡು ಹುಡುಕಿದೆ. ಹದಿನೈದು ವರ್ಷಗಳಿಂದ ಯಾವ ಫೋಟೊದಲ್ಲಿ ನೋಡಿದರೂ ನಾನು ಯಾವುದಾದರೊಂದರ ಹಿಂದೆ ನಿಂತಿದ್ದೇನೆ. ಮೇಜು, ಕುರ್ಚಿ, ಬೇರೆಯವರ ಮಕ್ಕಳು. ಸಮುದ್ರಕ್ಕೆ ಹೋದಾಗಿನದರಲ್ಲಿ ಸೊಂಟದ ತನಕ ನೀರಿನಲ್ಲಿದ್ದೇನೆ. ಫೋಟೊ ತೆಗೆಯುವವರು "ಮುಂದೆ ಬಾ" ಅಂದರೆ ಹಿಂದಕ್ಕೆ ಸರಿಯುವುದು ಯಾವಾಗ ಅಭ್ಯಾಸವಾಯಿತೋ ನೆನಪಿಲ್ಲ. ನನಗೆ ಕಾಲುಗಳಿದ್ದವು ಎನ್ನುವುದಕ್ಕೆ ಒಂದು ದಾಖಲೆಯೂ ಇಲ್ಲ.

ಈಗ ಹೊಸದಾಗಿ ತೆಗೆದುಕೊಡು ಎಂದು ಯಾರನ್ನು ಕೇಳಲಿ? ಹೇಳಿಕೊಳ್ಳುವಂಥವರು ನನಗೆ ಯಾರೂ ಇಲ್ಲ. ಇದ್ದವನೊಬ್ಬ ಎರಡು ವರ್ಷದ ಹಿಂದೆ ಬಿಟ್ಟುಹೋದ.

ನಾನೇ ಬಂದರೆ ಆಗುತ್ತದೆಯೇ? ಹದಿನೆಂಟನೇ ತಾರೀಖು ಭಾನುವಾರ. ಬೆಳಗಿನ ರೈಲಿಗೆ ಬಂದು ಬಸ್ಸು ಹಿಡಿಯುತ್ತೇನೆ. ಸಂಜೆಯ ರೈಲಿಗೆ ವಾಪಸು. ಬೇಡವೆಂದರೆ ಬರೆ, ನಾನೇನೂ ಅಂದುಕೊಳ್ಳುವುದಿಲ್ಲ.

ಜೋಸಿಯಾನ್


ಲಾ ಬ್ರಾಂದ್,
ಮಂಗಳವಾರ, ೨೦ ಮಾರ್ಚ್

ಜೋ,

ಬಸ್ಸು ಸರಿಯಾಗಿ ಸಿಕ್ಕಿತೇ? ನೀನು ಬಿಟ್ಟುಹೋದ ಶಾಲು ಬಾಗಿಲ ಹಿಂದೆ ನೇತುಹಾಕಿದ್ದೇನೆ, ಮುಂದಿನ ಸಲ ಒಯ್ಯಬಹುದು. ಆಲೂಗಡ್ಡೆ ಕಡುಬಿನಲ್ಲಿ ನೀನು ಬೆರಳಗಲದ ತುಂಡು ತಿಂದು ಎದ್ದೆ. ಉಳಿದದ್ದನ್ನು ಎರಡು ದಿನ ನಾನೊಬ್ಬಳೇ ತಿಂದೆ. ಕೆನೆ ಹಾಕಬೇಡ ಎಂದು ಮೊದಲೇ ಬರೆದಿದ್ದರೆ ಹಾಕುತ್ತಿರಲಿಲ್ಲ.

ಕೈಯಿಡಿಸಿಕೊಳ್ಳಲು ಬಂದ ಊರಿನವರೆಲ್ಲ ಮಲಗುವ ಅದೇ ಅಡುಗೆಮನೆಯ ಬೆಂಚಿನ ಮೇಲೆ ನೀನೂ ಮಲಗಿದೆ. ಕಾಲುಚೀಲ ಬಿಚ್ಚುವಾಗ ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ. ನಿನ್ನನ್ನು ಹೆತ್ತವಳ ಮುಂದೆ ಎಂಥ ನಾಚಿಕೆ? ಕೋರ್ಟು ಮುಗಿಸಿ ಬಂದ ದಿನ ನೀನು ಮುತ್ತಿಡಲು ಕೆನ್ನೆ ಕೊಡದೆ ಹೋದೆಯಲ್ಲ, ಅವತ್ತಿನಿಂದ ನಾನು ನಿನ್ನನ್ನು ಮುಟ್ಟಿರಲಿಲ್ಲ. ಕೈಯಿಟ್ಟ ಹತ್ತು ನಿಮಿಷಕ್ಕೆ ನಿನಗೆ ನಿದ್ದೆ ಬಂತು, ಸಣ್ಣಗೆ ಗೊರಕೆ ಹೊಡೆದೆ. ಚಿಕ್ಕವಳಿದ್ದಾಗಲೂ ಹೀಗೇ ಹೊಡೆಯುತ್ತಿದ್ದೆ.

ಎದ್ದವಳೇ "ಏನಾದ್ರೂ ಸಿಕ್ತಾ ಅಮ್ಮ?" ಎಂದು ಕೇಳಿದೆ. ಕಾಫಿಗೆ ನೀರಿಡುವ ಗಡಿಬಿಡಿಯಲ್ಲಿ ಉತ್ತರ ಹೇಳಲಾಗಲಿಲ್ಲ. ಎಡತೊಡೆಯ ಮೇಲ್ಭಾಗದಲ್ಲಿ, ಒಳಗೆ, ಕೊಬ್ಬು ಗಟ್ಟಿ ಕಟ್ಟಿದೆ. ಕಟ್ಟಿದ್ದು ಕರಗಬೇಕು, ಹೊತ್ತು ಹಿಡಿಯುತ್ತದೆ. ಎರಡು ವಾರಕ್ಕೊಂದು ಭಾನುವಾರ ತಪ್ಪದೆ ಬಾ. ಈಸ್ಟರಿಗೆ ಉಳಿದುಕೊಳ್ಳುವ ಹಾಗೆ ಬಾ. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ.

ಅಮ್ಮ


ತೂರ್,
ಸೋಮವಾರ, ೭ ಮೇ

ಅಮ್ಮ,

ಒಂದು ಮಾತು ಹೇಳಬೇಕು. ಭಾನುವಾರಗಳಿಗಾಗಿ ನಾನು ಈಗ ಕಾಯುತ್ತೇನೆ. ಬಸ್ಸು ದಿಣ್ಣೆ ಇಳಿದು ನಿನ್ನ ಮನೆಯ ಹೊಗೆ ಕಂಡರೆ ಎದೆ ಹಗುರಾಗುತ್ತದೆ. ಆ ಬೆಂಚಿನ ಮೇಲೆ ಬಿದ್ದುಕೊಂಡು, ನೀನು ಊರಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈಯುವುದನ್ನು ಕೇಳುತ್ತಾ, ನನ್ನ ತೊಡೆಯನ್ನು ಮರೆತುಬಿಡುತ್ತೇನೆ. ಇಷ್ಟು ವರ್ಷ ಅದನ್ನು ಮರೆತ ದಿನವೇ ಇರಲಿಲ್ಲ. ನನ್ನ ಮೈಯನ್ನು ಅಸಹ್ಯವಿಲ್ಲದೆ ಮುಟ್ಟುವವರು ಒಬ್ಬರಾದರೂ ಇದ್ದಾರಲ್ಲ ಅನ್ನಿಸುತ್ತದೆ.

ಆದರೆ ಕಾಲು ಇಳಿದಿಲ್ಲ. ಶನಿವಾರ ಮೇಡಂ ಬ್ರೊಸಾರ್ ನನ್ನ ಲಂಗದ ಎಡಗಡೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡುತ್ತಿದ್ದಳು. ಮಂಡಿಯೂರಿ ಕೂತು ಪಿನ್ನು ಚುಚ್ಚುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದಳು.

"ಇಲ್ಲಿ ನೋಡೇ ಹುಡುಗಿ, ಇದು ಕೊಬ್ಬಲ್ಲ."

"ಮತ್ತೇನು ಮೇಡಂ?"

"ನಂಗೇನ್ ಗೊತ್ತು? ಮೂವತ್ತು ವರ್ಷದಿಂದ ಹೆಂಗಸರ ತೊಡೆ ಅಳೆದು ಅಳೆದು ಕಣ್ಣು ಸವೆದಿದೆ. ಕೊಬ್ಬು ಬಂದ್ರೆ ಎರಡೂ ಕಡೆ ಬರತ್ತೆ. ಒಂದೇ ಕಡೆ ಬರೋದು ಕೊಬ್ಬಲ್ಲ. ಡಾಕ್ಟರಿಗೆ ತೋರ್ಸು. ನಾಚ್ಕೆ ಆದ್ರೆ ನಾನೇ ಜೊತೆಗೆ ಬರ್ತೀನಿ. ಅವತ್ತು ತಮಾಷೆ ಮಾಡಿದ್ದು ಮನಸ್ಸಿಗೆ ಹಚ್ಕೋಬೇಡ."

ಮುಂದಿನ ವಾರ ಗುರುವಾರ ಮಧ್ಯಾಹ್ನ ಅಂಗಡಿಗೆ ರಜೆ ಕೊಡುತ್ತೇನೆ ಅಂದಿದ್ದಾಳೆ. ನಿನ್ನ ಕಟ್ಟುಪಾಡು ಮೀರುವ ಮನಸ್ಸು ನನಗಿಲ್ಲ. ಒಂದು ಸಲ ನಿನಗೆ ಮೋಸ ಮಾಡಿದ್ದೇನೆ, ಮತ್ತೆ ಮಾಡಲಾರೆ. ಹೋಗು ಅಂದರೆ ಹೋಗುತ್ತೇನೆ, ಬೇಡ ಅಂದರೆ ಇಲ್ಲ. ನೀನು ಹೇಳಿದ ಹಾಗೆ.

ಜೋ


ಲಾ ಬ್ರಾಂದ್,
ಗುರುವಾರ, ೧೦ ಮೇ

ಜೋ,

ಬೇಡ.

ಆ ಬಟ್ಟೆ ಅಂಗಡಿಯವಳು ನನಗೆ ಪಾಠ ಹೇಳುವುದು ಬೇಡ. ಅವಳು ಟೇಪಿನಲ್ಲಿ ಅಳೆಯುತ್ತಾಳೆ, ನಾನು ಕೈಯಲ್ಲಿ ನೋಡುತ್ತೇನೆ. ಇಲ್ಲಿಯ ತನಕ ಮಾಡಿದ್ದನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಕೆಡಿಸಿಕೊಳ್ಳುತ್ತೀಯಾ? ಡಾಕ್ಟರು ಮಾಡುವುದೇನು? ಸೂಜಿ ಚುಚ್ಚುತ್ತಾರೆ, ಕೊಯ್ಯುತ್ತಾರೆ. ಮಲಗಿದ್ದನ್ನು ಎಬ್ಬಿಸುತ್ತಾರೆ.

ನಿನ್ನ ಮನಸ್ಸಿನ ಸಮಾಧಾನಕ್ಕೆ ಹೇಳುತ್ತೇನೆ. ಈಸ್ಟರಿಗೆ ನೀನಿದ್ದು ಹೋದ ಮೇಲೆ ನಾನು ನನ್ನ ಕೈಯನ್ನೇ ಪರೀಕ್ಷೆಗೆ ಹಾಕಿದೆ. ಹಬ್ಬದ ಕುರಿಮರಿಯಲ್ಲಿ ಒಂದು ಹಸಿ ಪಕ್ಕೆಲುಬಿನ ತುಂಡು ಎತ್ತಿಟ್ಟಿದ್ದೆ. ನನ್ನ ಕೈ ಖಾಲಿಯಾಗಿದ್ದರೆ ಅದು ಕೊಳೆಯಬೇಕು, ಕೈಯಲ್ಲಿ ಶಕ್ತಿಯಿದ್ದರೆ ಒಣಗಬೇಕು. ಕೈಗುಣ ಒಪ್ಪಿಸುವ ಮೊದಲು ಲಿಯೊಂತಿನ್ ಅತ್ತೆ ನನ್ನನ್ನು ಹೀಗೇ ನೋಡಿದ್ದಳು, ಇಲ್ಲಿ ಕೈಯಿಡುವವರೆಲ್ಲರೂ ಹೀಗೇ ನೋಡಿಕೊಳ್ಳುವುದು. ದಿನಾ ಕಾಲು ಗಂಟೆ ಅದರ ಮೇಲೆ ಕೈಯಿಟ್ಟೆ. ಇವತ್ತಿಗೆ ಹದಿನೆಂಟು ದಿನ. ವಾಸನೆಯಿಲ್ಲ, ಹುಳವಿಲ್ಲ. ಒಣಗಿ ಮರದ ಚಕ್ಕೆಯಾಗಿದೆ, ಮೇಜಿಗೆ ಕುಟ್ಟಿದರೆ ಟಕಟಕ ಎನ್ನುತ್ತದೆ. ಸತ್ತ ಮಾಂಸವನ್ನೇ ಹಿಡಿದು ನಿಲ್ಲಿಸಿದ ಕೈ ನಿನ್ನ ತೊಡೆಯನ್ನು ಬಿಟ್ಟೀತೇ?

ಹದಿಮೂರಕ್ಕೆ ಬಾ. ಬೇಳೆ ಬೇಯಿಸುತ್ತೇನೆ, ಕೆನೆ ಹಾಕುವುದಿಲ್ಲ.

ಅಮ್ಮ


ತೂರ್,
ಭಾನುವಾರ, ೧೫ ಜುಲೈ

ಅಮ್ಮ,

ಈ ಭಾನುವಾರವೂ ಬರಲಾಗಲಿಲ್ಲ. ರೈಲಿನ ಮೆಟ್ಟಿಲು ಹತ್ತುವುದು ಕಷ್ಟವಾಗುತ್ತಿದೆ, ಮಂಡಿ ಮಡಚಲು ಬರುವುದಿಲ್ಲ. ನಿನ್ನೆ ರಾಷ್ಟ್ರೀಯ ಹಬ್ಬದ ಪಟಾಕಿ ನೋಡಲು ಊರೆಲ್ಲ ನದಿಯ ದಂಡೆಗೆ ಹೋಗಿತ್ತು. ನಾನು ಕಿಟಕಿಯಲ್ಲಿ ಕೂತು ಶಬ್ದ ಕೇಳಿದೆ.

ಟೇಪು ಹಿಡಿದು ಅಳೆದೆ. ಬಲಕ್ಕಿಂತ ಎಡದ್ದು ಹನ್ನೊಂದು ಸೆಂಟಿಮೀಟರು ಹೆಚ್ಚು. ನೋವಿಲ್ಲ, ಭಾರ ಅಷ್ಟೇ. ನಿನ್ನ ಮಾಂಸದ ತುಂಡನ್ನು ನೆನೆಸಿಕೊಂಡು ಧೈರ್ಯ ತಂದುಕೊಳ್ಳುತ್ತೇನೆ. ಮೇಡಂ ಬ್ರೊಸಾರ್ ಈಗ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ನಾನು ಹಟ ಮಾಡುತ್ತಿದ್ದೇನೆ ಎಂದು ಅವಳಿಗೆ ಸಿಟ್ಟು.

ಕರಗುವ ಮೊದಲು ಒಂದು ಸಲ ಹೆಚ್ಚುವುದುಂಟು ಎಂದು ನೀನು ಜೂನಿನಲ್ಲಿ ಹೇಳಿದ್ದೆ. ಇದು ಅದೇ ಇರಬೇಕು, ಅಲ್ಲವೇ? ಬೇಗ ಬರೆ.

ಜೋ


ತೂರ್, ಆಸ್ಪತ್ರೆ,
ಭಾನುವಾರ, ೨ ಸೆಪ್ಟೆಂಬರ್

ಅಮ್ಮ,

ಜುಲೈ ಕಾಗದಕ್ಕೆ ನಿನ್ನಿಂದ ಉತ್ತರ ಬರಲಿಲ್ಲ.

ಆಗಸ್ಟ್ ಇಪ್ಪತ್ತೊಂದಕ್ಕೆ ಅಂಗಡಿಯಲ್ಲಿ ಏಣಿಯಿಂದ ಬಿದ್ದೆ. ಮೇಡಂ ಬ್ರೊಸಾರ್ ನನ್ನನ್ನು ಕೇಳದೆ ಕಾರಿಗೆ ಹಾಕಿಕೊಂಡು ಇಲ್ಲಿಗೆ ತಂದಳು. ತೊಡೆಗೆ ಸೂಜಿ ಹಾಕಿ ತುಣುಕು ತೆಗೆದು ನೋಡಿದರು. ಕ್ಯಾನ್ಸರ್. ಕೊಬ್ಬಿನಲ್ಲೇ ಹುಟ್ಟುವಂಥದಂತೆ, ಅಪರೂಪವಂತೆ. ನಾನು ಹತ್ತು ವರ್ಷ ಕೊಬ್ಬು ಕೊಬ್ಬು ಎಂದು ಶಪಿಸಿದ್ದಕ್ಕೆ ಅದು ಕೊಬ್ಬಿನದೇ ವೇಷದಲ್ಲಿ ಬಂದಿದೆ. ಎದೆಯ ಚಿತ್ರ ತೆಗೆದಿದ್ದಾರೆ, ಶ್ವಾಸಕೋಶದಲ್ಲಿ ಚುಕ್ಕೆಗಳಿವೆ. ಕಾಲನ್ನು ಸೊಂಟದ ಬುಡದಿಂದ ತೆಗೆಯಬೇಕು.

ಡಾಕ್ಟರಮ್ಮ ನನಗಿಂತ ಚಿಕ್ಕವಳು. ಹಾಸಿಗೆಯ ಅಂಚಿನಲ್ಲಿ ಕೂತು, "ವಸಂತದಲ್ಲೇ ಬಂದಿದ್ರೆ ಗೆಡ್ಡೆ ಮಾತ್ರ ತೆಗೆದು ಕಾಲು ಉಳಿಸ್ತಿದ್ವಿ. ಇಷ್ಟು ದಿನ ಏನ್ ಮಾಡ್ತಿದ್ರಿ? ಯಾರಾದ್ರೂ ಔಷಧಿ ಮಾಡ್ತಿದ್ರಾ?" ಎಂದು ಕೇಳಿದಳು.

"ಯಾರೂ ಇಲ್ಲ, ನಾನೇ ಉದಾಸೀನ ಮಾಡಿದೆ" ಅಂದೆ. ನಿನ್ನ ಮೇಲೆ ಇನ್ನೊಂದು ಕೇಸು ಬೀಳುವುದು ಬೇಡ.

ಜೋಸಿಯಾನ್


ಲಾ ಬ್ರಾಂದ್,
ಗುರುವಾರ, ೬ ಸೆಪ್ಟೆಂಬರ್

ಜೋ, ನನ್ನ ಕಂದ,

ಕೊಯ್ಯಲು ಬಿಡಬೇಡ. ಕಾಗದಕ್ಕೆ ಸಹಿ ಹಾಕಬೇಡ. ಡಾಕ್ಟರುಗಳು ಚಿತ್ರ ತಪ್ಪಾಗಿ ಓದುವುದುಂಟು. ನಮ್ಮೂರಿನ ಗಾಡಿ ರಿಪೇರಿಯವನ ಅಕ್ಕನಿಗೂ ಹೀಗೇ ಹೇಳಿದ್ದರು, ಅವಳು ಈಗಲೂ ಸಂತೆಗೆ ನಡೆದೇ ಹೋಗುತ್ತಾಳೆ. ಬಿದ್ದಾಗ ರಕ್ತ ಕಟ್ಟಿದ್ದನ್ನು ನೋಡಿ ಗೆಡ್ಡೆ ಎನ್ನುತ್ತಿರಬಹುದು. ನಾನು ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ. ದಿನಾ ಕೈಯಿಡುತ್ತೇನೆ, ದಿನಕ್ಕೆ ಮೂರು ಸಲ ಇಡುತ್ತೇನೆ. ಯಾವ ದಿನ ಬರಲಿ, ಒಂದೇ ಗೆರೆ ಬರೆ.

ಅಮ್ಮ


ಲಾ ಬ್ರಾಂದ್,
ಭಾನುವಾರ, ೩೦ ಸೆಪ್ಟೆಂಬರ್

ಜೋಸಿಯಾನ್,

ನಿನ್ನಿಂದ ಒಂದು ಗೆರೆಯೂ ಬರಲಿಲ್ಲ. ನಿನ್ನೆ ಮೇಡಂ ಬ್ರೊಸಾರ್ ಅಂಚೆ ಕಚೇರಿಗೆ ಫೋನು ಮಾಡಿ ನನ್ನನ್ನು ಕರೆಸಿದಳು. "ಕಾಲು ತೆಗೆದು ಎಂಟು ದಿನ ಆಯ್ತಮ್ಮ. ನಿಮಗೆ ಗೊತ್ತಿರ್ಬೇಕು ಅನ್ನಿಸ್ತು, ಅದಕ್ಕೆ ಹೇಳ್ದೆ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ.

ಹಿಂದಿನ ಕಾಗದದಲ್ಲಿ ನಾನು ಬರೆದದ್ದೆಲ್ಲ ಸುಳ್ಳು. ಈಗ ನಿಜ ಬರೆಯುತ್ತೇನೆ, ಓದು.

ಮಾರ್ಚಿನಲ್ಲಿ ಮೊದಲ ದಿನವೇ ನನ್ನ ಕೈಗೆ ಅದು ಸಿಕ್ಕಿತು. ಮೊಟ್ಟೆಯಷ್ಟು ದೊಡ್ಡದು, ಗಟ್ಟಿ, ಒತ್ತಿದರೆ ಜರುಗುತ್ತಿರಲಿಲ್ಲ. ನಲವತ್ತು ವರ್ಷ ಜನರ ಮೈ ಮುಟ್ಟಿದ್ದೇನೆ, ಕೊಬ್ಬು ಯಾವುದು ಕೊಬ್ಬಲ್ಲದ್ದು ಯಾವುದು ನನಗೆ ತಿಳಿಯದೆ? ಬೇರೆ ಯಾರದಾದರೂ ಆಗಿದ್ದರೆ ಅವತ್ತೇ ದೊಡ್ಡಾಸ್ಪತ್ರೆಗೆ ಓಡಿಸುತ್ತಿದ್ದೆ. ಹೋದ ವರ್ಷ ಗಿರಣಿಯವನ ಹೆಂಡತಿಯ ಎದೆಯಲ್ಲಿ ಗಂಟು ಸಿಕ್ಕಿದಾಗ ಕೈ ಎತ್ತಿ, "ಇದು ನನ್ನ ಕೆಲ್ಸ ಅಲ್ಲಮ್ಮ, ನಡಿ" ಅಂದು ನಾನೇ ಬಸ್ಸು ಹತ್ತಿಸಿದ್ದೆ. ಅವಳು ಬದುಕಿದ್ದಾಳೆ.

ನಿನಗೆ ಹಾಗೆ ಹೇಳಲಿಲ್ಲ. ನೀನು ನಿದ್ದೆ ಮಾಡುತ್ತಿದ್ದೆ. ಹೇಳಿದರೆ ನೀನು ಎದ್ದು ಕಾಲುಚೀಲ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗುತ್ತೀಯ, ಅವರು ಗುಣ ಮಾಡುತ್ತಾರೆ, ನೀನು ಕೋರ್ಟಿನಲ್ಲಿ ಹೇಳಿದ್ದೇ ಸರಿ ಎಂದಾಗುತ್ತದೆ, ಮತ್ತೆ ಹನ್ನೊಂದು ವರ್ಷ ನಾನು ಹೊಸ ವರ್ಷದ ಕಾರ್ಡು ಕಾಯುತ್ತಾ ಕೂರಬೇಕು. ಇನ್ನೊಂದು ಭಾನುವಾರ ಆಗಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆ ಭಾನುವಾರ ಬಂದಾಗ ಇನ್ನೊಂದು ಅಂದುಕೊಂಡೆ.

ಮಾಂಸದ ತುಂಡಿನ ವಿಷಯ. ಕೊಳೆತರೆ ನಿನ್ನನ್ನು ಡಾಕ್ಟರಿಗೆ ಕಳಿಸುತ್ತೇನೆ, ಒಣಗಿದರೆ ಇಟ್ಟುಕೊಳ್ಳುತ್ತೇನೆ ಎಂದು ಹರಕೆ ಹೊತ್ತ ಹಾಗೆ ಶುರು ಮಾಡಿದೆ. ಆ ತುಂಡನ್ನು ಕಪಾಟಿನ ತಂಪಿನಲ್ಲಿ ಇಡುವುದು ಪದ್ಧತಿ. ನಾನು ಅದನ್ನು ಒಲೆಯ ಮೇಲಿನ ಹಲಗೆಯಲ್ಲಿಟ್ಟೆ. ನಾವು ಅಣಬೆ ಒಣಗಿಸುವುದು ಅಲ್ಲೇ, ಮದ್ದಿನ ಸೊಪ್ಪು ಒಣಗಿಸುವುದೂ ಅಲ್ಲೇ. ಅಲ್ಲಿಟ್ಟದ್ದು ಯಾವುದೂ ಕೊಳೆಯುವುದಿಲ್ಲ, ಯಾರ ಕೈಯೂ ಬೇಕಾಗಿಲ್ಲ. ಇಡುವಾಗ ನನಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಗಂಭೀರವಾಗಿ ಕೂತು ಅದರ ಮೇಲೆ ಕೈಯಿಟ್ಟೆ. ಕೊನೆಕೊನೆಗೆ ನನ್ನ ಕೈಯೇ ಒಣಗಿಸಿತೆಂದು ನಾನೇ ನಂಬಿದ್ದೆ. ನಿನಗೆ "ಬೇಡ" ಎಂದು ಬರೆಯುವ ಹೊತ್ತಿಗೆ ಪೂರ್ತಿ ನಂಬಿದ್ದೆ.

ಜುಲೈಯಲ್ಲಿ ನಿನ್ನ ಅಳತೆ ಓದಿದ ಮೇಲೆ ನಂಬಲಾಗಲಿಲ್ಲ. ಆಗಲಾದರೂ "ಓಡು" ಎಂದು ತಂತಿ ಹೊಡೆಯಬಹುದಿತ್ತು. ಅಂಚೆ ಕಚೇರಿಯ ಬಾಗಿಲ ತನಕ ಹೋದೆ. ಹೋಗಿ, ನಿನ್ನ ತಾಯಿ ಏನು ಮಾಡಿದಳೆಂದು ನಿನಗೆ ತಿಳಿಯುತ್ತದಲ್ಲ ಎಂದು ಹೆದರಿ ವಾಪಸು ಬಂದೆ. ಅದಕ್ಕೇ ನಿನಗೆ ಉತ್ತರ ಬರಲಿಲ್ಲ.

ಡಾಕ್ಟರಮ್ಮನಿಗೆ ನನ್ನ ಹೆಸರು ಹೇಳು. ಕೇಸು ಹಾಕಲಿ. ಈ ಸಲ ತಪ್ಪು ಒಪ್ಪಿಕೊಳ್ಳುತ್ತೇನೆ.

ಬೆಂಚನ್ನು ಕೊಡಲಿಯಿಂದ ಒಡೆದು ಹಿತ್ತಲಿಗೆ ಹಾಕಿದ್ದೇನೆ. ಬಂದವರನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದೇನೆ. ಅದರಿಂದ ನಿನಗೇನೂ ಆಗುವುದಿಲ್ಲ ಎಂದು ಗೊತ್ತು. ಆಸ್ಪತ್ರೆಗೆ ಬಂದರೂ ನಿನ್ನ ಮೇಲೆ ಕೈಯಿಡುವುದಿಲ್ಲ, ಆಣೆ. ಸುಮ್ಮನೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ನೀನು ಮಾತಾಡಬೇಕಾಗಿಲ್ಲ. ಬರಲೇ?

ಆರ್ಮಾಂದ್


ತೂರ್, ಆಸ್ಪತ್ರೆ,
ಭಾನುವಾರ, ೨೧ ಅಕ್ಟೋಬರ್

ಅಮ್ಮ,

ನಿನ್ನ ಕಾಗದವನ್ನು ಓದಿ ಹರಿದು ಹಾಕಿದ್ದೇನೆ. ಯಾರ ಕೈಗೂ ಸಿಗುವುದಿಲ್ಲ. ಇನ್ನು ಮೇಲೆ ಅದನ್ನೆಲ್ಲ ಎಲ್ಲೂ ಬರೆಯಬೇಡ, ಬಾಯಿ ಬಿಡಬೇಡ. ನೀನು ತಪ್ಪು ಒಪ್ಪಿಕೊಂಡರೆ ನನಗೆ ಕಾಲು ಬರುವುದಿಲ್ಲ.

ಕೆಲವು ದಿನ ನಿನ್ನನ್ನು ದ್ವೇಷಿಸಿದೆ. ನರ್ಸು ಬೆಳಿಗ್ಗೆ ಪಟ್ಟಿ ಬದಲಾಯಿಸುವಾಗ ಹೊದಿಕೆ ಸರಿಸುತ್ತಾಳಲ್ಲ, ಆಗೆಲ್ಲ ನಿನ್ನ ಹೆಸರು ಹಿಡಿದು ಬೈದೆ. ಬಲಗಾಲು ಅಲ್ಲಿದೆ, ಗುಳಿ ಬಿದ್ದ ಚರ್ಮದ್ದು. ಅದನ್ನು ಯಾರು ನೋಡಿದರೂ ಈಗ ನನಗೆ ನಾಚಿಕೆಯಿಲ್ಲ. ಇಂಥ ಒಂದು ಕಾಲನ್ನು ಇಷ್ಟು ವರ್ಷ ಬಚ್ಚಿಟ್ಟೆನಲ್ಲ ಎಂದು ಅಳು ಬರುತ್ತದೆ.

ದ್ವೇಷ ಬಹಳ ದಿನ ಬಾಳಲಿಲ್ಲ, ಅದಕ್ಕೂ ಮೈಯಲ್ಲಿ ಬಲ ಬೇಕು. ಉಳಿದಿರುವುದು ಒಂದೇ ಸಂಕಟ, ಅದನ್ನು ನಿನಗೆ ಹೇಳದೆ ಇರಲಾರೆ. ಮಾರ್ಚಿನಲ್ಲಿ ನೀನು "ನಡಿ ಆಸ್ಪತ್ರೆಗೆ" ಅಂದಿದ್ದರೆ ಹೋಗುತ್ತಿದ್ದೆ. ಕೊಯ್ಯಿಸಿಕೊಂಡು, ಹೊಲಿಗೆ ಬಿಚ್ಚಿಸಿಕೊಂಡು, ಕುಂಟುತ್ತಾ ಅದೇ ಬಸ್ಸು ಹತ್ತಿ ನಿನ್ನ ಅಡುಗೆಮನೆಗೇ ಬರುತ್ತಿದ್ದೆ. ಬರುತ್ತಿದ್ದೆ ಅಮ್ಮ. ತೊಡೆ ನೆಪವಾಗಿತ್ತು. ಎರಡನೇ ಭಾನುವಾರಕ್ಕೇ ಅದು ನೆಪವಾಗಿತ್ತು. ನಿನ್ನ ಕೈಗೆ ಗೆಡ್ಡೆ ಸಿಕ್ಕಿತು, ಇದು ಸಿಗಲಿಲ್ಲವೇ?

ಎದೆಯದು ಬೆಳೆಯುತ್ತಿದೆ. ಕ್ರಿಸ್‌ಮಸ್ ತನಕ ಎಂದು ಡಾಕ್ಟರಮ್ಮ ನಾನು ಕೇಳಿದ್ದಕ್ಕೆ ಹೇಳಿದಳು. ಸುಳ್ಳು ಹೇಳಬೇಡಿ ಎಂದು ಮೊದಲೇ ಹೇಳಿದ್ದೆ. ಮೇಡಂ ಬ್ರೊಸಾರ್ ದಿನಾ ಅಂಗಡಿ ಮುಚ್ಚಿದ ಮೇಲೆ ಬಂದು ಕೂರುತ್ತಾಳೆ. ಹೆಣಿಗೆ ಹಾಕುತ್ತಾಳೆ, ಗಿರಾಕಿಗಳನ್ನು ಬೈಯುತ್ತಾಳೆ.

ಬರಲೇ ಎಂದು ಕೇಳಿದ್ದೀಯ. ಬೇಡ. ಸಿಟ್ಟಿಗೆ ಹೇಳುತ್ತಿಲ್ಲ. ಕೈಯಿಡುವುದಿಲ್ಲ ಎಂದು ನೀನು ಆಣೆ ಮಾಡಿದ್ದೀಯ, ನೀನು ಅದನ್ನು ಉಳಿಸಿಕೊಳ್ಳುತ್ತೀಯ. ನನಗೆ ನನ್ನ ಮೇಲೆ ಭರವಸೆಯಿಲ್ಲ. ನೀನು ಆ ಕುರ್ಚಿಯಲ್ಲಿ ಕೂತರೆ ನಾನೇ ನಿನ್ನ ಕೈ ಎಳೆದು ಎದೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಇಟ್ಟುಕೊಂಡು, ಎಲ್ಲ ಗೊತ್ತಿದ್ದೂ, ಬದುಕಿಬಿಡುತ್ತೇನೆ ಎಂದು ಮತ್ತೆ ನಂಬುತ್ತೇನೆ. ಸಾಯುವುದಕ್ಕೆ ಈಗಷ್ಟೇ ಮನಸ್ಸು ಒಪ್ಪಿದೆ, ಅದನ್ನು ಇನ್ನೊಂದು ಸಲ ಒಪ್ಪಿಸಲು ನನ್ನಿಂದಾಗದು. ಬರಬೇಡ.

ಜೋ